ಏಳನೇ ಬೇಸಿನ್ನಿನ ಹೆಬ್ಬೆಟ್ಟು

ಏಳನೇ ಬೇಸಿನ್ — ರತ್ನ.

ಶುಕ್ರವಾರ ಬೆಳಗಿನ ಪಟ್ಟಿಯಲ್ಲಿ ಈ ಸಾಲು ಕಂಡು ದೀಪ ಕಣ್ಣುಜ್ಜಿಕೊಂಡಳು. ಮಾಂಬಳ್ಳಿಯ ಆ ಮಹಿಳಾ ರೇಷ್ಮೆ ಸಂಘದಲ್ಲಿ ಏಳನೇ ಬೇಸಿನ್ ಅಂದರೆ ದೊಡ್ಡಮಾದಮ್ಮ. ಮೂವತ್ತೊಂದು ವರ್ಷದಿಂದ ಆ ಬಿಸಿನೀರಿನ ತೊಟ್ಟಿಯ ಮುಂದೆ ಕೂತು, ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ ತೆಗೆದವಳು. ಆಕೆಯ ಹೆಸರು ಅಳಿಸಿ, ಸರದಿಯಲ್ಲಿ ಕಾದಿದ್ದ ರತ್ನಳ ಹೆಸರು ಬಂದು ಕೂತಿತ್ತು!

ದೀಪ ಕಂಪ್ಯೂಟರಿನಲ್ಲಿ ಕೆದಕಿದಳು. ಕಾರಣ ಸಿಕ್ಕಿತು.

‘ಬೇಸಿನ್ ಬಿಟ್ಟುಕೊಡುವ ಅರ್ಜಿ. ಸದಸ್ಯೆ: ದೊಡ್ಡಮಾದಮ್ಮ. ಗುರುವಾರ, ಬೆಳಗ್ಗೆ 9.12. ಗುರುತು: ಹೆಬ್ಬೆಟ್ಟು ಸರಿ ಇದೆ.’

ನಿನ್ನೆ ಒಂಬತ್ತೂ ಹನ್ನೆರಡಕ್ಕೆ ದೊಡ್ಡಮಾದಮ್ಮ ಒಳಗೆ ತೊಟ್ಟಿಯ ಮುಂದೆ ಕೂತಿದ್ದಳು. ಗೂಡು ಕಡಿಮೆ ಬಂದಿದೆ ಎಂದು ಆಕೆ ಗೊಣಗುತ್ತಿದ್ದುದನ್ನು ಹನ್ನೊಂದು ಹೆಂಗಸರು ಕೇಳಿಸಿಕೊಂಡಿದ್ದರು. ಹೆಬ್ಬೆಟ್ಟು ಓದುವ ಯಂತ್ರ ಇದ್ದದ್ದು ಹೊರಗೆ, ಗೇಟಿನ ಪಕ್ಕದ ಮೇಜಿನ ಮೇಲೆ. ಆಳು ಒಳಗೆ, ಹೆಬ್ಬೆಟ್ಟು ಹೊರಗೆ! ಇದೆಂಥ ಮಾಟ?

ಆ ಯಂತ್ರವನ್ನು ತಂದು ಕೂರಿಸಿದವಳು ದೀಪಳೇ. ಹನೂರಿನ ಹುಡುಗಿ, ಕೊಳ್ಳೇಗಾಲದಲ್ಲಿ ಬಾಡಿಗೆ ಕೋಣೆ, ಗುತ್ತಿಗೆ ಕೆಲಸ. ಹೆಬ್ಬೆಟ್ಟು ಇಟ್ಟರೆ ಆಯಾ ಸದಸ್ಯೆಯ ಪುಟ ತೆರೆಯುತ್ತದೆ. ಅವಳ ಹಾಜರಿ, ಅವಳ ಪಾಲಿನ ಗೂಡು, ಅವಳ ಬೇಸಿನ್, ಅದನ್ನು ಬಿಟ್ಟುಕೊಡುವ ಅರ್ಜಿ, ಎಲ್ಲ ಅದರಲ್ಲೇ. ಹೆಬ್ಬೆಟ್ಟು ಮೂರು ಸಲ ತಪ್ಪಿದರೆ ಕಾರ್ಡು ತೋರಿಸಿ ಗುಟ್ಟಿನ ಸಂಖ್ಯೆ ಒತ್ತಬೇಕು. ಹಿಂದೆ ಪುಸ್ತಕದಲ್ಲಿ ಒಬ್ಬಳ ಹೆಸರು ಕೆರೆದು ಇನ್ನೊಬ್ಬಳ ಹೆಸರು ತುರುಕಿದ ಜಗಳಗಳು ಆಗಿದ್ದರಿಂದ, ‘ಯಂತ್ರ ಹೇಳಿದ್ದೇ ಕಡೇ ಮಾತು’ ಎಂದು ಸಂಘ ಸಭೆ ಸೇರಿ ತೀರ್ಮಾನ ಮಾಡಿತ್ತು. ಒಂದು ತಿಂಗಳ ಪರೀಕ್ಷೆ. ಈ ಶುಕ್ರವಾರ ಅದರ ಕೊನೆಯ ದಿನ. ದಡ ಸೇರಿದೆ ಅಂದುಕೊಳ್ಳುವಾಗ ದೋಣಿ ತೂತಾಗಿತ್ತು.

ಅಧ್ಯಕ್ಷೆ ಮಹಾಲಕ್ಷ್ಮಮ್ಮ ಮಾತು ಬೆಳೆಸುವವಳಲ್ಲ.

“ನೋಡವ್ವ ದೀಪ, ಎರಡೇ ದಾರಿ. ನಿನ್ನ ಯಂತ್ರ ಯೋಳಿದ್ದು ದಿಟವಾದ್ರೆ ದೊಡ್ಡಮಾದಮ್ಮ ಎದ್ದು ಓಗ್ಬೇಕು. ಸುಳ್ಳಾದ್ರೆ ನಿನ್ನ ಯಂತ್ರ ಎದ್ದು ಓಗ್ಬೇಕು. ಸಾಯಂಕಾಲ ಐದಕ್ಕೆ ಸಭೆ. ಅಷ್ಟೊತ್ತಿಗೆ ಯಾವ್ದು ಅಂತ ಯೋಳು.”

ಮುದುಕಿಯ ಅನ್ನವೋ, ತನ್ನ ಅನ್ನವೋ! ದೀಪ ಫೋನ್ ತೆಗೆದು ತನ್ನ ಮನೆಯ ಮಾಲೀಕರಿಗೆ ಮಾಡಿದಳು.

* * *

ಮನೆ ಮಾಲೀಕರಾದ ಪುಟ್ಟಮಲ್ಲಪ್ಪ ಸರ್ಕಾರಿ ಬಸ್ಸಿನ ಚೆಕಿಂಗ್ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಮೂವತ್ತನಾಲ್ಕು ವರ್ಷ ಕೊಳ್ಳೇಗಾಲ, ಹನೂರು, ಯಳಂದೂರು ಅಂತ ರಸ್ತೆಯಲ್ಲೇ ಕಳೆದವರು. ಅಣ್ಣನ ಪಾಸಿನಲ್ಲಿ ತಮ್ಮ, ಅಕ್ಕನ ಪಾಸಿನಲ್ಲಿ ಓರಗಿತ್ತಿ, ಇಂಥ ಸಾವಿರ ಜನರನ್ನು ಹಿಡಿದು, ಅರ್ಧದಷ್ಟು ಜನರನ್ನು ಬೈದು ಬಿಟ್ಟವರು. ನಿವೃತ್ತಿಯಾದ ಮೇಲೆ ಕೈ ಕಟ್ಟಿ ಹಾಕಿದಂತಾಗಿತ್ತು. ದೀಪಳ ಫೋನ್ ಬಂದಾಗ ಅಂಗಿ ತೊಟ್ಟುಕೊಂಡೇ ಇದ್ದರು ಎಂದರೂ ನಂಬಬಹುದು.

ಕುಂತೂರಿನ ಕಡೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡ ಬಸ್ಸು ಹನ್ನೊಂದೂವರೆಗೆ ಅವರನ್ನು ಇಳಿಸಿತು.

“ಯಂತ್ರ ಸುಳ್ಳು ಯೋಳ್ತದಾ ಕೂಸೇ?”

“ಇಲ್ಲ ಸಾರ್. ಮುಟ್ಟಿದ ಬೆರಳನ್ನ ಮೊದಲೇ ದಾಖಲಾದ ಬೆರಳಿನ ಜೊತೆ ತಾಳೆ ನೋಡುತ್ತೆ. ಅಷ್ಟೇ ಅದರ ಕೆಲಸ.”

“ಅಷ್ಟೇನಾ?”

“ಅಷ್ಟೇ.”

“ಹಾಂ.” ಅವರು ಆ ಮಾತನ್ನು ಎಲೆಯಡಿಕೆಯ ಹಾಗೆ ದವಡೆಗೆ ಸೇರಿಸಿಕೊಂಡರು. “ನಡಿ, ಜನಾನ ನೋಡವ.”

ಮೊದಲು ಗುಮಾಸ್ತ ಶಿವಕುಮಾರಸ್ವಾಮಿ. ಹಳೇ ಪುಸ್ತಕ ಬರೆಯುತ್ತಿದ್ದವನು. ಗೇಟಿನ ಮೇಜಿನ ಹಿಂದೆ ಕೂರುವವನು. ಯಂತ್ರ ಬಂದ ದಿನದಿಂದ ಮುಖ ಸಿಂಡರಿಸಿಕೊಂಡೇ ಇದ್ದವನು. ಪ್ರಶ್ನೆ ಬರುವ ಮೊದಲೇ ಅವನ ಉತ್ತರ ಬಂತು.

“ನಾ ಮುಟ್ಟಿಲ್ಲ ಸಾ! ನಿನ್ನೆ ಒಂಬತ್ತು ಗಂಟೇಲಿ ನಾ ಇಲ್ಲೇ ಇರ್ನಿಲ್ಲ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪುಟ್ಟಮಲ್ಲಪ್ಪ ನಕ್ಕರು.

“ಎಲ್ಲಿದ್ದೆ?”

“ಬಸ್ ಸ್ಟಾಪಲ್ಲಿ ಟೀ ಕುಡೀತಿದ್ದೆ. ದಿನಾ ಕುಡೀತೀನಿ. ಒಂಬತ್ತಕ್ಕೆ ಓಗಿ ಒಂಬತ್ತೂಕಾಲ್ಗೆ ಬತ್ತೀನಿ.”

“ಮೇಜ ಯಾರ್ ನೋಡ್ಕತಾರೆ?”

“ಮೇಜು ಎಲ್ಲಿಗೆ ಓಯ್ತದೆ ಸಾ?”

ಟೀ ಅಂಗಡಿಯವನು ಹೌದೆಂದ. ಗುಮಾಸ್ತನ ಟೀಯ ಹೊತ್ತು ಸಂಘದ ಎಲ್ಲರಿಗೂ ಗೊತ್ತು ಎಂದೂ ಸೇರಿಸಿದ.

ಆಮೇಲೆ ರತ್ನ. ಬೇಸಿನ್ ಸಿಕ್ಕಿದರೆ ಲಾಭ ಆಗುವವಳು ಇವಳೊಬ್ಬಳೇ. ಬೆಳಗಿನಿಂದ ಎಲ್ಲರ ಕಣ್ಣೂ ಇವಳ ಮೇಲೆ. ಅತ್ತು ಅತ್ತು ಮೂಗು ಕೆಂಪಾಗಿತ್ತು.

“ನಂಗೆ ಬ್ಯಾಡ ಸಾ ಆ ಬೇಸಿನ್ನು! ಆ ಅಮ್ಮನ ಬಾಯ್ಗೆ ಮಣ್ಣಾಕಿ ಅನ್ನ ತಿನ್ನೋಳಲ್ಲ ನಾನು!”

“ನಿನ್ನೆ ಬೆಳಿಗ್ಗೆ ಎಲ್ಲಿದ್ದೆ ತಾಯಿ?”

“ಮಗಳಿಗೆ ಜ್ವರ ಅಂತ ಯಳಂದೂರು ಆಸ್ಪತ್ರೆಗೆ ಓಗಿದ್ದೆ.” ಅವಳು ಬಟ್ಟೆಚೀಲ ತಡಕಾಡಿದಳು. ಔಷಧಿ ಚೀಟಿ ಬಂತು, ಬಾಚಣಿಗೆ ಬಂತು, ಕೊನೆಗೆ ಮುದುರಿದ ಬಸ್ಸಿನ ಟಿಕೆಟು ಬಂತು. ಹೆಂಗಸರ ಉಚಿತ ಪ್ರಯಾಣದ ಸೊನ್ನೆ ರೂಪಾಯಿ ಟಿಕೆಟು. ಪುಟ್ಟಮಲ್ಲಪ್ಪ ಅದನ್ನು ಬೆಳಕಿಗೆ ಹಿಡಿದು ಓದಿದರು. ಮಾಂಬಳ್ಳಿಯಿಂದ ಯಳಂದೂರು, ಗುರುವಾರ, 8.51.

“ಇವಳಲ್ಲ,” ಎಂದರು, ಹೊರಗೆ ಬಂದ ಮೇಲೆ.

“ಟಿಕೆಟ್ ಬೇರೆಯವರದ್ದೂ ಆಗಿರಬಹುದಲ್ಲ ಸಾರ್?”

“ಆಸ್ಪತ್ರೆ ಚೀಟೀಲೂ ಅದೇ ತಾರೀಕು ಅದ. ಅದೂ ಅಲ್ದೆ, ಒಂದು ಮಾತು ತಿಳ್ಕೊ. ಸ್ವಂತ ಪಾಸು ಇರೋನು ಚೆಕಿಂಗ್ ಬಂದ ತಕ್ಷಣ ಜೇಬೆಲ್ಲ ತಡಕಾಡ್ತಾನೆ. ಬೇರೆಯೋರ ಪಾಸು ತಂದೋನು ಮೊದ್ಲೇ ಕೈಲಿ ಹಿಡ್ಕಂಡು ಕಾಯ್ತಿರ್ತಾನೆ.”

* * *

ದೊಡ್ಡಮಾದಮ್ಮ ಗೋಡೆಗೊರಗಿ ಕೂತಿದ್ದಳು. ಅವಳಿಲ್ಲದ ಏಳನೇ ಬೇಸಿನ್ನಿನಲ್ಲಿ ನೀರು ತಣ್ಣಗಾಗಿತ್ತು.

“ಯಜಮಾಂತಿ, ನೀನೇನಾದ್ರೂ ಬುಟ್ಕೊಟ್ಯಾ?”

“ನಾ ಬುಟ್ಟಿಲ್ಲ ಕನಪ್ಪ.” ಮುದುಕಿ ದೀಪಳ ಕಡೆ ನೋಡಿದಳು. “ಯಂತ್ರ ಯೋಳ್ತು ಅಂದ್ರೆ ಆಗ್ಲಿ ಬುಡಿ. ನಾ ಓಯ್ತೀನಿ. ಈ ಕೂಸಿನ ಕೆಲ್ಸ ಉಳೀಲಿ.”

ಒಂದು ಹಿಡಿ ಗೂಡು ಕಡಿಮೆ ಬಂದರೆ ಅಧ್ಯಕ್ಷೆಯ ತನಕ ಹೋಗಿ ಜಗಳ ಆಡುವ ಈ ಮುದುಕಿ, ಮೂವತ್ತೊಂದು ವರ್ಷದ ಜಾಗವನ್ನು ಒಂದು ಮಾತಿನಲ್ಲಿ ಬಿಟ್ಟುಬಿಡುತ್ತಿದ್ದಾಳೆ. ಯಾಕೆ? ಪುಟ್ಟಮಲ್ಲಪ್ಪ ಮಾತ್ರ ಆಕೆಯ ಮುಖ ನೋಡುತ್ತಿರಲಿಲ್ಲ. ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದ ಆಕೆಯ ಕೈ ನೋಡುತ್ತಿದ್ದರು.

ಊಟದ ಹೊತ್ತಾಯಿತು. ಮುದುಕಿಯ ಸೊಸೆ ರೂಪ ಎರಡು ಡಬ್ಬಿ ತಂದಳು. ಅವಳೂ ಇದೇ ಸಂಘದವಳೇ. ಒಳಗಿನ ಮರುಸುತ್ತು ಕೋಣೆಯಲ್ಲಿ, ಒಣಗಿದ ನೂಲನ್ನು ದೊಡ್ಡ ಚಕ್ರಕ್ಕೆ ಸುತ್ತುವ ಕೆಲಸ. ಅವಳು ಅತ್ತೆಯ ಮುದ್ದೆಯನ್ನು ತಾನೇ ಮುರಿದು, ಸಾರಿನಲ್ಲಿ ಅದ್ದಿ, ಒಂದೊಂದೇ ತುತ್ತು ಮಾಡಿ ತಟ್ಟೆಯ ಅಂಚಿಗೆ ಇಡುತ್ತಿದ್ದಳು.

“ಚೆನ್ನಾಗಿ ನೋಡ್ಕತೀಯವ್ವ ಅತ್ತೇನ,” ಎಂದರು ಪುಟ್ಟಮಲ್ಲಪ್ಪ.

“ನಮ್ಮತ್ತೆ ಅಲ್ವಾ ಸಾ,” ಎಂದಳು ರೂಪ. ತಲೆ ಎತ್ತಲಿಲ್ಲ.

* * *

ಮೂರು ಗಂಟೆ. ಐದಕ್ಕೆ ಇನ್ನೆರಡೇ ಗಂಟೆ. ದೀಪ ತನ್ನ ಪರೀಕ್ಷೆಯ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು.

“ಇದೇನು?”

“ಇಪ್ಪತ್ತಾರು ದಿನದ ಲೆಕ್ಕ ಸಾರ್. ಯಾರ ಹೆಬ್ಬೆಟ್ಟು ಎಷ್ಟನೇ ಸಲಕ್ಕೆ ಒಪ್ಪಿತು ಅಂತ. ಒಂದು ಅಂದರೆ ಮೊದಲ ಸಲಕ್ಕೇ. ಅಡ್ಡಗೀಟು ಅಂದರೆ ಮೂರು ಸಲವೂ ಆಗದೆ ಗುಟ್ಟಿನ ಸಂಖ್ಯೆ ಒತ್ತಿದ್ದು.” ಅವಳು ಹಳದಿ ಬಣ್ಣ ಬಳಿದ ಒಂದು ಸಾಲು ತೋರಿಸಿದಳು. ಅಳು ಬರುವ ಹಾಗಿತ್ತು. “ನೋಡಿ, ದೊಡ್ಡಮಾದಮ್ಮನವರದ್ದು. ಇಪ್ಪತ್ತಾರು ದಿನವೂ ಒಂದು, ಒಂದು, ಒಂದು. ನನ್ನ ವರದಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಸಾಲು ಇದೇ. ಯಂತ್ರ ಚೆನ್ನಾಗಿದೆ ಅನ್ನೋದಕ್ಕೆ ಸಾಕ್ಷಿ ಅಂತ ಇದನ್ನೇ ಬರೆದಿದ್ದೆ.”

ಪುಟ್ಟಮಲ್ಲಪ್ಪ ಕನ್ನಡಕ ಏರಿಸಿದರು.

“ಈ ಪಟ್ಟಿ ಯಾವ ಸರದೀಲಿ ಅದ?”

“ಸದಸ್ಯತ್ವದ ಸಂಖ್ಯೆ ಪ್ರಕಾರ.”

“ಕತ್ತರಿ ಅದಾ? ಬಿಸಿನೀರಲ್ಲಿ ಕೈ ಇಕ್ಕೋರ ಸಾಲೆಲ್ಲ ಒಂದ್ಕಡೆ ಮಡಗು. ಒಣನೂಲು ಸುತ್ತೋರ ಸಾಲೆಲ್ಲ ಇನ್ನೊಂದ್ಕಡೆ ಮಡಗು.”

ದೀಪ ಕತ್ತರಿಸಿದಳು. ಒಣನೂಲಿನ ಗುಂಪಿನಲ್ಲಿ ಸಾಲುಸಾಲಾಗಿ ಒಂದು, ಒಂದು, ಎರಡು, ಒಂದು. ಬಿಸಿನೀರಿನ ಗುಂಪಿನಲ್ಲಿ ಮೂರು, ಎರಡು, ಅಡ್ಡಗೀಟು, ಮೂರು, ಅಡ್ಡಗೀಟು, ಅಡ್ಡಗೀಟು. ಅವುಗಳ ನಡುವೆ ಹಳದಿ ಸಾಲೊಂದು, ದಾರಿ ತಪ್ಪಿ ಬೇರೆಯವರ ಮನೆಯ ಊಟಕ್ಕೆ ಕೂತ ನೆಂಟನ ಹಾಗೆ.

ಅವಳ ಕೈಯಿಂದ ಕತ್ತರಿ ಜಾರಿತು.

“ಸಾರ್...”

“ಎಬ್ಬೆಟ್ಟ ದಾಖಲು ಮಾಡ್ದ ದಿನ ನೀ ಇಲ್ಲಿದ್ಯಾ?”

ಇರಲಿಲ್ಲ. ಮಧ್ಯಾಹ್ನದ ಮೇಲೆ ಹನೂರಿಗೆ ಹೋಗಿದ್ದಳು. ಉಳಿದ ಎಂಟು ಜನರನ್ನು ಶಿವಕುಮಾರಸ್ವಾಮಿಗೆ ಒಪ್ಪಿಸಿದ್ದಳು.

* * *

ಐದು ಗಂಟೆ. ಅಂಗಳದಲ್ಲಿ ಹೆಂಗಸರು ಸೇರಿದರು. ಬೆಂದ ಗೂಡಿನ ವಾಸನೆ ಇನ್ನೂ ಗಾಳಿಯಲ್ಲಿತ್ತು.

“ಯೋಳವ್ವ,” ಎಂದಳು ಮಹಾಲಕ್ಷ್ಮಮ್ಮ. “ದಿಟವೋ, ಸುಳ್ಳೋ?”

ಪುಟ್ಟಮಲ್ಲಪ್ಪ ಎದ್ದು ನಿಂತರು. ಬಸ್ಸಿನಲ್ಲಿ ಎರಡೂ ಕಡೆಯ ಸೀಟು ನೋಡುವವರಂತೆ ಒಮ್ಮೆ ಆಚೆ, ಒಮ್ಮೆ ಈಚೆ ನೋಡಿದರು.

“ಎಲ್ರೂ ಯಂತ್ರಾನೇ ನೋಡಿದ್ರಿ. ಎಬ್ಬೆಟ್ಟ ಯಾರೂ ನೋಡ್ನಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರವ್ವ? ದೊಡ್ಡಮಾದಮ್ಮ, ಕೈ ತೋರ್ಸು ತಾಯಿ.”

ಮುದುಕಿ ಅಲ್ಲಾಡಲಿಲ್ಲ. ಮಹಾಲಕ್ಷ್ಮಮ್ಮ ಹತ್ತಿರ ಹೋಗಿ ಸೆರಗು ಬಿಡಿಸಿದಳು. ಎಣ್ಣೆ ಸವರಿದ ಬೆರಳುಗಳು. ತುದಿಯಲ್ಲಿ ಚರ್ಮ ಸುಲಿದು, ಸೀಳು ಬಿಟ್ಟು, ಅಲ್ಲಲ್ಲಿ ಕೆಂಪಾಗಿತ್ತು. ಹೆಬ್ಬೆಟ್ಟು ತೊಳೆದ ಲೋಟದಂತೆ ನುಣ್ಣಗಿತ್ತು.

“ಈ ಬೆರಳಲ್ಲಿ ಗೀಟೇ ಇಲ್ಲ. ಆದ್ರೂ ಇಪ್ಪತ್ತಾರು ದಿನ, ಒಂದೇ ಏಟ್ಗೆ ಯಂತ್ರ ಒಪ್ಕಂಡದೆ. ಜೊತೇಲಿ ಕೂರೋ ಹನ್ನೊಂದು ಜನಕ್ಕೆ ಆಗ್ದೇ ಇರೋದು ಇವಳೊಬ್ಬಳಿಗೆ ಎಂಗಾಯ್ತು? ಯಾಕಂದ್ರೆ ಅದು ಇವಳ ಎಬ್ಬೆಟ್ಟಲ್ಲ! ಶಿವಕುಮಾರಸ್ವಾಮಿ, ದಾಖಲು ದಿನ ಏನಾಯ್ತು?”

ಗುಮಾಸ್ತ ತೊದಲಿದ. “ಅಮ್ಮಂದು ಐದು ಸಲ ಇಕ್ಕಿದ್ರೂ ಆಗ್ನಿಲ್ಲ ಸಾ. ಕಡೇ ಬಸ್ ಬರೋ ಹೊತ್ತು. ರೇಶನ್ ಅಂಗಡೀಲಿ ಮನೇಲಿ ಯಾರ್ ಒತ್ತಿದ್ರೂ ಅಕ್ಕಿ ಕೊಡ್ತಾರಲ್ಲ... ಅಂಗೇ ಅಂದ್ಕಂಡು... ಮನೆಯೋರೇ ಒತ್ಲಿ ಬುಡು ಅಂದೆ.”

“ಯಾರು ಒತ್ತಿದ್ರು?”

ಗೊತ್ತಿದ್ದವರು ಇದ್ದರು. ದಿನಾ ಬೆಳಗ್ಗೆ ಅತ್ತೆ ಸೊಸೆ ಜೊತೆಯಲ್ಲಿ ಬಂದಾಗ ಯಾರು ಒತ್ತುತ್ತಾರೆ ಎಂದು ಹೆಂಗಸರು ಕಂಡಿದ್ದರು. ಒಂದೇ ಮನೆಯವರಲ್ಲವೇ, ಅದರಲ್ಲಿ ಹೇಳುವುದೇನಿದೆ ಅಂದುಕೊಂಡಿದ್ದರು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ದೀಪ ಯಂತ್ರವನ್ನು ಅಂಗಳಕ್ಕೆ ತಂದಳು. ಪುಟ್ಟಮಲ್ಲಪ್ಪ ಮೆಲ್ಲಗೆ ಕರೆದರು.

“ರೂಪ, ಬಾರವ್ವ.”

ರೂಪ ಬಂದು ಬಲಗೈ ಹೆಬ್ಬೆಟ್ಟು ಇಟ್ಟಳು. ಪರದೆಯ ಮೇಲೆ ಅವಳ ಹೆಸರೇ ಮೂಡಿತು.

“ಇನ್ನೊಂದು ಕೈ.”

ಎಡಗೈ ಹೆಬ್ಬೆಟ್ಟು ಮುಟ್ಟಿದ ಕ್ಷಣವೇ ಪರದೆ ಬೆಳಗಿತು — ‘ದೊಡ್ಡಮಾದಮ್ಮ. ಮಾಂಬಳ್ಳಿ. ಗುರುತು ಸರಿ ಇದೆ.’

“ಅವ್ವಾ!” ಎಂದಳು ರತ್ನ.

“ಹೌದು, ನಾನೇ!” ರೂಪ ಅಳು ತಡೆಯದೆ ಕೂಗಿದಳು. “ನಿನ್ನೆ ಟೀ ಹೊತ್ನಲ್ಲಿ ನಾನೇ ಒತ್ತಿದ್ದು. ರಾತ್ರೆಲ್ಲ ಉರಿ ಅಂತ ನಮ್ಮತ್ತೆ ತಣ್ಣೀರಲ್ಲಿ ಕೈ ಮಡಿಕ್ಕಂಡು ಕುಂತಿರ್ತದೆ. ಬಿಸಿನೀರು ಮುಟ್ಬ್ಯಾಡ ಅಂತ ಕೊಳ್ಳೇಗಾಲದ ಡಾಕ್ಟ್ರು ಎರಡು ಸಲ ಅಂದವ್ರೆ. ಕೇಳಲ್ಲ! ನನ್ ಮಾತು ಕೇಳಲ್ಲ, ಡಾಕ್ಟ್ರ ಮಾತು ಕೇಳಲ್ಲ. ಯಂತ್ರದ ಮಾತಾದ್ರೂ ಕೇಳ್ಬೋದು ಅಂತ... ರತ್ನಂಗೋಸ್ಕರ ಅಲ್ಲ, ಯಾರ್ಗೋಸ್ಕರಾನೂ ಅಲ್ಲ.”

“ನಂಗೊತ್ತಿತ್ತು,” ಎಂದಳು ದೊಡ್ಡಮಾದಮ್ಮ. “ಬೆಳಿಗ್ಗೆ ಯೋಳಿದ್ ಕೂಡ್ಲೇ ಗೊತ್ತಾಯ್ತು. ಇವಳ್ನ ಕಳ್ಳಿ ಅಂದ್ಬುಟ್ಟಾರು ಅಂತ ಸುಮ್ಕಿದ್ದೆ.” ಅವಳು ಸೊಸೆಯ ಕಡೆ ತಿರುಗಿದಳು. ದನಿ ಗಟ್ಟಿಯಾಯಿತು. “ನನ್ ಕೈ ಉರಿಯೋದು ನಂಗೊತ್ತಿಲ್ವಾ? ನೀ ಬಯ್ಯಿ. ಮುನಿಸ್ಕೊ. ಉಣ್ದೆ ಮಲಿಕ್ಕೊ. ಸತ್ತೋರ ಎಬ್ಬೆಟ್ಟ ಆಸ್ತಿ ಪತ್ರಕ್ಕೆ ಒತ್ತಿಸ್ಕೊಳೋದ ಕೇಳಿವ್ನಿ ಮಗಾ. ನಾ ಬದ್ಕಿವ್ನಿ ಕಣೇ!”

ರೂಪ ಅಲ್ಲೇ ಕುಸಿದು ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿದಳು. ಗಾಯದ ಕೈಯಲ್ಲೇ ಮುದುಕಿ ಅವಳ ತಲೆ ಸವರಿದಳು. ಅಂಗಳದಲ್ಲಿ ಕಣ್ಣು ಒರೆಸಿಕೊಳ್ಳದವರು ಯಾರೂ ಇರಲಿಲ್ಲ; ಶಿವಕುಮಾರಸ್ವಾಮಿಯೂ ಮುಖಕ್ಕೆ ಪತ್ರಿಕೆ ಅಡ್ಡ ಹಿಡಿದಿದ್ದ.

ದೀಪ ಎದ್ದು ಅಧ್ಯಕ್ಷೆಯ ಎದುರು ನಿಂತಳು.

“ಅಮ್ಮ, ಯಂತ್ರ ಸುಳ್ಳು ಹೇಳಲಿಲ್ಲ. ಸುಳ್ಳನ್ನ ನಾವು ಕಲಿಸಿದ್ವಿ. ಬೆರಳು ಹೊಂದುತ್ತಾ ಅಂತ ದಿನಾ ಪರೀಕ್ಷೆ ಮಾಡಿದೆ. ಬೆರಳು ಯಾರದ್ದು ಅಂತ ಒಂದು ದಿನವೂ ಎದ್ದು ಬಂದು ನೋಡಲಿಲ್ಲ. ತಪ್ಪು ನನ್ನದು. ಇನ್ನೊಂದು ತಿಂಗಳು ಕೊಡಿ. ಒಬ್ಬೊಬ್ಬರನ್ನೂ ನಾನೇ ಎದುರು ನಿಂತು ಹೊಸದಾಗಿ ದಾಖಲು ಮಾಡ್ತೀನಿ. ಬಿಸಿನೀರಿನವರಿಗೆ ಹೆಬ್ಬೆಟ್ಟು ಬೇಡ. ಕಾರ್ಡು, ಗುಟ್ಟಿನ ಸಂಖ್ಯೆ ಸಾಕು. ಬೇಸಿನ್ ಬಿಟ್ಟುಕೊಡೋ ಅರ್ಜಿ ಮಾತ್ರ ಯಂತ್ರದಲ್ಲಿ ಆಗೋ ಹಾಗಿಲ್ಲ. ಆಯಮ್ಮನೇ ಬಂದು, ನಿಮ್ಮ ಮುಂದೆ ಬಾಯಿಬಿಟ್ಟು ಹೇಳಬೇಕು.”

ಮಹಾಲಕ್ಷ್ಮಮ್ಮ ಅಲ್ಲೇ ತೀರ್ಮಾನ ಹೇಳಿದಳು.

“ತಪ್ಪು ಒಪ್ಕಳ್ಳೋ ಯಂತ್ರ ಸಿಕ್ಕಲ್ಲ. ತಪ್ಪು ಒಪ್ಕಳ್ಳೋ ಹುಡ್ಗಿ ಸಿಕ್ಕವ್ಳೆ. ಒಂದು ತಿಂಗ್ಳು ಯಾಕೆ, ಎರಡು ತಕಾ. ಮಾದಮ್ಮಕ್ಕ, ನಿನ್ ಬೇಸಿನ್ನು ನಿಂದೇ. ಈಗ ನಿನ್ ಬಾಯಿಂದ ಯೋಳು, ಏನ್ ಮಾಡಿಯೇ?”

ದೊಡ್ಡಮಾದಮ್ಮ ತನ್ನ ಕೈ ನೋಡಿಕೊಂಡಳು. ಮಡಿಲಲ್ಲಿದ್ದ ತಲೆಯನ್ನೂ ನೋಡಿದಳು.

“ಬುಡಲ್ಲ. ಆದ್ರೆ ಕೈ ಮಾಯೋ ಗಂಟ ಗೂಡು ಆರಿಸೋ ಮೇಜಲ್ಲಿ ಕುಂತ್ಕತೀನಿ. ಅಲ್ಲೀಗಂಟ ಏಳ್ನೇದ್ರಲ್ಲಿ ರತ್ನ ಕುಂತ್ಕಳ್ಳಿ. ನಾ ಪಕ್ದಲ್ಲಿ ನಿಂತು ಬೈತಿರ್ತೀನಿ. ಎಳೆ ಕಿತ್ತಾಳು, ನೋಡ್ಕಬೇಕು.”

ರತ್ನ ಅಳುತ್ತಲೇ ನಕ್ಕಳು.

* * *

ನಲವತ್ತು ದಿನ ಕಳೆಯಿತು. ಈಗ ಗೇಟಿನ ಮೇಜನ್ನು ಬಿಟ್ಟು ಶಿವಕುಮಾರಸ್ವಾಮಿ ಅಲ್ಲಾಡುವ ಹಾಗಿಲ್ಲ. ಟೀ ಅವನಿದ್ದಲ್ಲಿಗೇ ಬರುತ್ತದೆ. ದೀಪ ಆಫೀಸಿನ ಕುರ್ಚಿ ಬಿಟ್ಟು ದಿನಾ ಬೆಳಗ್ಗೆ ಆ ಮೇಜಿನ ಪಕ್ಕದಲ್ಲಿ ನಿಂತು ಮುಖವನ್ನೂ ಕೈಯನ್ನೂ ನೋಡುತ್ತಾಳೆ. ಆ ಬೆಳಗ್ಗೆ ಪುಟ್ಟಮಲ್ಲಪ್ಪನವರೂ ಯಾವ ಕೆಲಸವೂ ಇಲ್ಲದೆ ಬಸ್ಸಿಳಿದು ಬಂದಿದ್ದರು.

ದೊಡ್ಡಮಾದಮ್ಮ ಕಾರ್ಡು ಮುಂದೆ ಮಾಡಲಿಲ್ಲ.

“ಕೂಸೇ, ಇವತ್ತು ಎಬ್ಬೆಟ್ಟ ಇಕ್ಕಿ ನೋಡ್ಲಾ?”

ಸೀಳುಗಳು ಕೂಡಿದ್ದವು. ಬೆರಳ ತುದಿಯಲ್ಲಿ ಹೊಸ ಚರ್ಮ, ಅದರಲ್ಲಿ ಈಗಷ್ಟೇ ಎದ್ದ ನವಿರಾದ ಗೀಟುಗಳು. ದೀಪ ಆಕೆಯ ಬಲಗೈ ಹೆಬ್ಬೆಟ್ಟನ್ನು ತಾನೇ ಎದುರು ನಿಂತು ದಾಖಲು ಮಾಡಿದಳು. ರೂಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದಳು.

“ಈಗ ಕೆಲಸಕ್ಕೆ ಒಳಗೆ ಹೋಗುವಾಗ ಒತ್ತೋ ಹಾಗೆ ಒತ್ತಿ ಅಮ್ಮ.”

ಒತ್ತಿದಳು. ಕೆಂಪು ದೀಪ — ಗುರುತು ಸಿಗಲಿಲ್ಲ.

ಸೆರಗಿಗೆ ಬೆರಳು ಒರೆಸಿಕೊಂಡು ಮತ್ತೆ ಒತ್ತಿದಳು. ಕೆಂಪು.

“ಇದ್ಕ ನನ್ ಮೇಲೆ ಇನ್ನೂ ಕ್ವಾಪ ಅದ,” ಎಂದು ಬೈದುಕೊಂಡು ಮೂರನೇ ಸಲ ಒತ್ತಿದಳು.

ಹಸಿರು. ‘ದೊಡ್ಡಮಾದಮ್ಮ. ಏಳನೇ ಬೇಸಿನ್.’

ಪುಟ್ಟಮಲ್ಲಪ್ಪ ಗಹಗಹಿಸಿ ನಕ್ಕರು. “ಜೇಬೆಲ್ಲ ತಡಕಾಡ್ತು ನೋಡು ಕೂಸೇ! ಪಾಸು ಸ್ವಂತದ್ದೇ.”

ದೀಪ ಪರೀಕ್ಷೆಯ ಹಾಳೆ ತೆಗೆದಳು. ದೊಡ್ಡಮಾದಮ್ಮನ ಸಾಲಿನಲ್ಲಿ, ಆ ದಿನದ ಚೌಕದಲ್ಲಿ, ಮೂರು ಎಂದು ದಪ್ಪಗೆ ಬರೆದು ಹಳದಿ ಬಣ್ಣ ಬಳಿದಳು.